ಡಿಗ್ರಿಯ ದಾರಿಯೋ, ಊರಿನ ದಾರಿಯೋ: ಎಂಜಿನಿಯರಿಂಗ್ ಓದಿದವರಿಗೊಂದು ಹೋಲಿಕೆ

ಮೆಕ್ಯಾನಿಕಲ್ಲೋ ಸಿವಿಲ್ಲೋ ಓದಿ ಬೆಂಗಳೂರಿನಲ್ಲಿ ನಾಲ್ಕೈದು ವರ್ಷ ದುಡಿದವರ ಯಾವ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೂ ಭಾನುವಾರ ರಾತ್ರಿ ಒಮ್ಮೆಯಾದರೂ ಈ ಮಾತು ಬರುತ್ತದೆ: "ಸಾಕಾಯ್ತು ಮಗಾ, ಊರಿಗೆ ಹೋಗಿ ಏನಾದ್ರೂ ಮಾಡ್ಕೊಂಡ್ ಇರೋಣ." ಹತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಸೋಮವಾರ ಬೆಳಿಗ್ಗೆ ಹತ್ತೂ ಜನ ಕಂಪನಿ ಬಸ್ಸಿನಲ್ಲಿರುತ್ತಾರೆ. ಊರಿನಲ್ಲಿ ಮಾಡುವುದೇನು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು, ತೆತ್ತ ಮೇಲೆ ಬೇಡವೆನಿಸಿದರೆ ವಾಪಸ್ ಬರಲು ಆಗುತ್ತದೆಯೇ ಎಂದು ಬಿಡಿಸಿ ನೋಡದೆ ರಾಜೀನಾಮೆ ಬರೆದವರಿದ್ದಾರೆ. ಬಿಡಿಸಿ ನೋಡದೆ ಹದಿನೈದು ವರ್ಷ ಅಲ್ಲೇ ಕೂತವರೂ ಇದ್ದಾರೆ. ಈ ಹೋಲಿಕೆ ಇಬ್ಬರಿಗೂ.

ನಾವು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಈಗಿನ ಕೆಲಸದ ಅತ್ಯಂತ ಕೆಟ್ಟ ದಿನವನ್ನು, ಮುಂದಿನ ಬದುಕಿನ ಅತ್ಯಂತ ಒಳ್ಳೆಯ ದಿನದ ಪಕ್ಕ ಇಟ್ಟು ನೋಡುತ್ತೇವೆ. ಒಂದು ಕಡೆ ಮ್ಯಾನೇಜರ್ ಬೈದ ದಿನ, ಇನ್ನೊಂದು ಕಡೆ ದೀಪಾವಳಿಗೆ ಹೋದಾಗ ಕಂಡ ತೋಟ. ಅದು ಹೋಲಿಕೆಯಲ್ಲ. ಹಬ್ಬವೂ ಇಲ್ಲದ, ಜಗಳವೂ ಇಲ್ಲದ ಒಂದು ಸಾದಾ ಮಂಗಳವಾರವನ್ನು ತೆಗೆದುಕೊಳ್ಳಿ. ಎದ್ದದ್ದು ಎಷ್ಟು ಹೊತ್ತಿಗೆ, ಊಟ ಯಾರ ಜೊತೆ, ಯಾರ ಮಾತು ಕೇಳಬೇಕಾಯಿತು, ಮಲಗುವಾಗ ತಲೆಯಲ್ಲಿ ಏನಿತ್ತು? ಪ್ರತಿಯೊಂದು ಆಯ್ಕೆಯ ಮಂಗಳವಾರ ಹೇಗಿರುತ್ತದೆ ಎಂದು ಕೇಳುತ್ತಾ ಹೋಗೋಣ. ಜೊತೆಗೆ ಇನ್ನೊಂದು ಪ್ರಶ್ನೆ: ಈ ಬಾಗಿಲು ದಾಟಿದ ಮೇಲೆ ಹಿಂದಿನ ಬಾಗಿಲು ಎಷ್ಟು ವರ್ಷ ತೆರೆದಿರುತ್ತದೆ?

ಮೊದಲು ನಿಮ್ಮ ಬ್ರಾಂಚ್ ಯಾವುದು ಹೇಳಿ

"ಡಿಗ್ರಿ ಬಿಟ್ಟು ನೆಮ್ಮದಿ ಆರಿಸಿಕೊಂಡೆ" ಎನ್ನುವವರಲ್ಲಿ ಅರ್ಧದಷ್ಟು ಜನ ಡಿಗ್ರಿ ಬಿಡಬೇಕಾಗಿಯೇ ಇರಲಿಲ್ಲ ಎಂದು ನನಗನಿಸುತ್ತದೆ. ಸಿವಿಲ್ ಓದಿದವರು ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಕಚೇರಿ ತೆರೆಯಬಹುದು. ಮನೆಯ ಪ್ಲಾನ್, ಎಸ್ಟಿಮೇಟ್, ಬ್ಯಾಂಕ್ ಸಾಲಕ್ಕೆ ವ್ಯಾಲ್ಯುಯೇಷನ್, ಪುರಸಭೆಯ ಲೈಸೆನ್ಸ್ ಕೆಲಸ, ಕಾಂಟ್ರಾಕ್ಟ್ ಎಲ್ಲಕ್ಕೂ ಜನ ಬೇಕು. (ವಾಸ್ತು ಕೂಡ ಕಲಿಯಬೇಕಾಗುತ್ತದೆ, ನೀವು ನಂಬಿದರೂ ನಂಬದಿದ್ದರೂ. ಅಡುಗೆಮನೆ ಆಗ್ನೇಯಕ್ಕೆ ಬಾರದಿದ್ದರೆ ಗಿರಾಕಿ ಪಕ್ಕದ ಎಂಜಿನಿಯರ್ ಹತ್ತಿರ ಹೋಗುತ್ತಾನೆ.) ಮೊದಲ ಎರಡು ವರ್ಷ ಗಳಿಕೆ ಕಡಿಮೆ, ಬಾಕಿ ವಸೂಲಿಯ ತಲೆನೋವು ಹೆಚ್ಚು. ಆದರೂ ಡಿಗ್ರಿಯೂ ಊರೂ ಒಟ್ಟಿಗೆ ಸಿಗುವ ದಾರಿ ಇದು.

ಎಲೆಕ್ಟ್ರಿಕಲ್‌ನವರಿಗೂ ಹಾಗೆಯೇ. ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಲೈಸೆನ್ಸ್ ಇದ್ದರೆ ಪಂಪ್‌ಸೆಟ್, ಟ್ರಾನ್ಸ್‌ಫಾರ್ಮರ್, ಲೇಔಟ್ ಕೆಲಸಗಳು ಸಿಗುತ್ತವೆ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಮನೆ ಚಾವಣಿಯ ಸೋಲಾರ್‌ಗೆ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಾದರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತಿದೆ. ಅದನ್ನು ಕೂರಿಸಿಕೊಡುವವರು ಸಣ್ಣ ಊರುಗಳಲ್ಲೂ ಬೇಕು.

ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಏರೋನಾಟಿಕಲ್ ಓದಿದವರ ಕಥೆ ಬೇರೆ. ಅವರ ವಿದ್ಯೆಗೆ ಕಾರ್ಖಾನೆ ಬೇಕು, ಲ್ಯಾಬ್ ಬೇಕು, ದೊಡ್ಡ ಸಪ್ಲೈ ಸರಪಳಿ ಬೇಕು. ಅದು ತೀರ್ಥಹಳ್ಳಿಯಲ್ಲೋ ಹಿರೇಕೆರೂರಿನಲ್ಲೋ ಇಲ್ಲ. ಬೆಳಗಾವಿಯ ಫೌಂಡ್ರಿಗಳು, ಹುಬ್ಬಳ್ಳಿ, ಶಿವಮೊಗ್ಗದ ಮಾಚೇನಹಳ್ಳಿ, ಮಂಗಳೂರಿನ ಬೈಕಂಪಾಡಿಯಂಥ ಕೆಲವು ಜಾಗ ಬಿಟ್ಟರೆ ಇವರಿಗೆ "ಡಿಗ್ರಿಯೋ ಊರೋ" ಎಂಬುದು ನಿಜವಾದ ಪ್ರಶ್ನೆ. ಮುಂದಿನದನ್ನು ಮುಖ್ಯವಾಗಿ ಅವರಿಗಾಗಿ ಬರೆದಿದ್ದೇನೆ.

ಕೋರ್ ಕೆಲಸದಲ್ಲೇ (ಓದಿದ ಬ್ರಾಂಚಿನ ಕೆಲಸದಲ್ಲೇ) ಉಳಿದರೆ

ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಬಿಡದಿ, ನರಸಾಪುರ. ಹೆಸರು ಯಾವುದಾದರೂ ಮಂಗಳವಾರ ಹೆಚ್ಚು ಕಡಿಮೆ ಒಂದೇ. ಎ ಶಿಫ್ಟ್ ಇದ್ದರೆ ಐದಕ್ಕೆ ಬಸ್ಸು, ಸಿ ಶಿಫ್ಟ್ ಇದ್ದರೆ ಹಗಲು ನಿದ್ದೆ. ಆರು ದಿನದ ವಾರ. ಟ್ರೇನಿಯಾಗಿ ಸೇರಿದಾಗ ಸಂಬಳ ಹೇಳಿಕೊಳ್ಳುವಂತಿರುವುದಿಲ್ಲ.

ಆದರೆ ಹೊರಡುವ ಆತುರದಲ್ಲಿ ಬಹಳ ಜನ ಮರೆಯುವ ಸಂಗತಿ ಒಂದಿದೆ. ಕೋರ್ ಕ್ಷೇತ್ರದಲ್ಲಿ ಕಷ್ಟ ಮೊದಲು, ಫಲ ಆಮೇಲೆ. ಡೈ, ಟೂಲಿಂಗ್, ಕ್ವಾಲಿಟಿ, ಮೇಂಟೆನೆನ್ಸ್‌ನಲ್ಲಿ ಏಳೆಂಟು ವರ್ಷ ಪಳಗಿದವರನ್ನು ಕಂಪನಿಗಳು ಹುಡುಕಿಕೊಂಡು ಬರುತ್ತವೆ. ಶಿಫ್ಟೂ ತಪ್ಪುತ್ತದೆ. ಮೂರನೇ ವರ್ಷ ಬಿಟ್ಟವರು ಕಷ್ಟವನ್ನು ಪೂರ್ತಿ ಉಂಡು ಫಲದ ಹೊತ್ತಿಗೆ ಎದ್ದು ಬಂದಂತೆ. ಹಾಗಾಗಿ ನಿಮ್ಮ ಬೇಸರ ಕೆಲಸದ ಮೇಲೋ, ಈಗಿನ ಶಿಫ್ಟಿನ ಮೇಲೋ, ಈಗಿನ ಮ್ಯಾನೇಜರ್ ಮೇಲೋ ಎಂದು ಬೇರ್ಪಡಿಸಿಕೊಳ್ಳಿ. ಕೊನೆಯ ಎರಡಕ್ಕೆ ಮದ್ದು ಕಂಪನಿ ಬದಲಾಯಿಸುವುದು, ಬದುಕು ಬದಲಾಯಿಸುವುದಲ್ಲ. ಇನ್ನು ಕೆಲಸದಲ್ಲೇ ರುಚಿ ಇಲ್ಲ, ಮೆಷಿನ್ ಕಂಡರೆ ಕುತೂಹಲವೇ ಹುಟ್ಟುವುದಿಲ್ಲ ಎಂದಾದರೆ ಹತ್ತು ವರ್ಷ ಕಾದರೂ ಹುಟ್ಟುವುದಿಲ್ಲ.

ಬಿಟ್ಟು ಹೋದರೆ ವಾಪಸ್ ಬರುವ ಬಾಗಿಲು? ಡಿಸೈನ್ ಸಾಫ್ಟ್‌ವೇರ್ ಬಳಸುವವರಿಗೆ ಎರಡು ಮೂರು ವರ್ಷದಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. ಪ್ಲಾಂಟ್ ಮೇಂಟೆನೆನ್ಸ್‌ನವರಿಗೆ ಸ್ವಲ್ಪ ಹೆಚ್ಚು ಕಾಲ ಇರುತ್ತದೆ.

ಐಟಿಗೆ ಹಾರಿದರೆ

ಇದು ನೆಮ್ಮದಿಯ ಆಯ್ಕೆಯೇ ಅಲ್ಲ, ಹಣದ ಆಯ್ಕೆ ಎನ್ನುವುದು ಪೂರ್ತಿ ನಿಜವಲ್ಲ. ಶಿಫ್ಟ್ ಇಲ್ಲ, ಎಣ್ಣೆ ಗ್ರೀಸು ಇಲ್ಲ, ವಾರಕ್ಕೆರಡು ರಜೆ, ಕೆಲವು ಕಡೆ ಮನೆಯಿಂದಲೇ ಕೆಲಸ. ಆದರೆ ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಹೊಸಬರ ಸಂಬಳ ಬಹುಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕೂತಿದೆ. ಬೆಂಗಳೂರಿನ ಮನೆ ಬಾಡಿಗೆ ಹಾಗೆ ಕೂತಿಲ್ಲ. ರಸ್ತೆಯೂ ಸಂಬಳದಿಂದಲೇ ಕಡಿದುಕೊಳ್ಳುತ್ತದೆ. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್. ಮೆಟ್ರೋ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು, ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರ ಮುಟ್ಟಿತು. ಮನೆ, ಕಚೇರಿ ಎರಡೂ ಆ ಗೆರೆಗಳ ಮೇಲಿದ್ದವರ ಮಂಗಳವಾರ ನಿಜವಾಗಿಯೂ ಸುಧಾರಿಸಿದೆ. ಕೆಲಸ ಬಿಡುವ ಯೋಚನೆಗೆ ಮುಂಚೆ ಮನೆ ಬದಲಾಯಿಸುವ ಯೋಚನೆ ಮಾಡಿ ಎಂದು ನಾನು ಕೆಲವರಿಗೆ ಹೇಳಿದ್ದಿದೆ. ಅಡ್ವಾನ್ಸ್ ಹೊಂದಿಸುವುದು ರಾಜೀನಾಮೆಗಿಂತ ಸುಲಭ.

ಮೈಸೂರು, ಹುಬ್ಬಳ್ಳಿ, ಮಂಗಳೂರು: ನಡುವಿನ ದಾರಿ

ರಾಜ್ಯ ಸರ್ಕಾರದ "ಬಿಯಾಂಡ್ ಬೆಂಗಳೂರು" ಕಾರ್ಯಕ್ರಮ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಎಂಬ ಗುಚ್ಛಗಳನ್ನು ಮಾಡಿಕೊಂಡು ಕಂಪನಿಗಳನ್ನು ಕರೆಯುತ್ತಿದೆ. ಇನ್ಫೋಸಿಸ್ 2024ರಲ್ಲಿ ತನ್ನ ಹುಬ್ಬಳ್ಳಿ ಕ್ಯಾಂಪಸ್ಸಿಗೆ ವರ್ಗ ಮಾಡಿಸಿಕೊಂಡು ಬರುವವರಿಗೆ ಪ್ರೋತ್ಸಾಹಧನ ಕೊಡುವುದಾಗಿ ಹೇಳಿದ್ದು ಸುದ್ದಿಯಾಗಿತ್ತು. ಉತ್ತರ ಕರ್ನಾಟಕದ ಅಪ್ಪ-ಅಮ್ಮಂದಿರು ಆ ಸುದ್ದಿಯನ್ನು ಮಕ್ಕಳಿಗೆ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು.

ಇಲ್ಲಿ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಕೈಗೆ ಬರುವುದು 45,000. ಬಾಡಿಗೆ 16,000, ಊಟ-ದಿನಸಿ 7,000, ಓಡಾಟ 3,000, ತಿಂಗಳಿಗೊಮ್ಮೆ ಊರಿಗೆ ಹೋಗಿಬರುವುದಕ್ಕೆ 3,000. ಉಳಿದದ್ದು 16,000. ಕಚೇರಿ ಒಂಬತ್ತು ತಾಸು, ರಸ್ತೆ ಮೂರು ತಾಸು. 22 ದಿನಕ್ಕೆ 264 ತಾಸು. ಅಂದರೆ ತಾಸಿಗೆ ಉಳಿಯುವುದು ಸುಮಾರು 60 ರೂಪಾಯಿ. ಹುಬ್ಬಳ್ಳಿಯಲ್ಲಿ ಸ್ವಂತ ಮನೆಯಲ್ಲಿದ್ದು 28,000 ಕೈಗೆ ಬಂದರೆ, ಮನೆಗೆ 8,000, ಪೆಟ್ರೋಲಿಗೆ 2,000 ಕೊಟ್ಟು ಉಳಿದದ್ದು 18,000. ದಿನಕ್ಕೆ ಒಂಬತ್ತು ತಾಸಿನಂತೆ 198 ತಾಸು. ತಾಸಿಗೆ 90 ರೂಪಾಯಿ.

ಈ ಲೆಕ್ಕ ತೋರಿಸಿ "ನೋಡಿದ್ರಾ!" ಎನ್ನುವವರು ಎರಡು ವಿಷಯ ಮುಚ್ಚಿಡುತ್ತಾರೆ. ಒಂದು, ಅದು ಸ್ವಂತ ಮನೆ ಇದ್ದವರ ಲೆಕ್ಕ. ಗದಗದವರು ಹುಬ್ಬಳ್ಳಿಯಲ್ಲಿ ಬಾಡಿಗೆ ಹಿಡಿದರೆ ಅದೇ ಲೆಕ್ಕ ತಲೆಕೆಳಗಾಗಬಹುದು. ಎರಡು, ಅದು ಇವತ್ತಿನ ಲೆಕ್ಕ. ಐದು ವರ್ಷ ಬಿಟ್ಟು ಬೆಂಗಳೂರಿನವನ ಸಂಬಳ ದುಪ್ಪಟ್ಟಾಗಿರಬಹುದು, ಹುಬ್ಬಳ್ಳಿಯವನದು ಅಷ್ಟು ಏರುವುದು ಅಪರೂಪ. ಸಣ್ಣ ನಗರದ ನಿಜವಾದ ಅಪಾಯ ಸಂಬಳದ್ದೂ ಅಲ್ಲ, ಎರಡನೇ ಕಂಪನಿಯದ್ದು. ಬೆಂಗಳೂರಿನಲ್ಲಿ ಕೆಲಸ ಹೋದರೆ ಎದುರಿನ ಕಟ್ಟಡಕ್ಕೆ ಹೋಗುತ್ತೀರಿ. ಇಲ್ಲಿ ಎದುರಿನ ಕಟ್ಟಡ ಕಲ್ಯಾಣಮಂಟಪ.

ಹೀಗಿದ್ದರೂ ಮೂವತ್ತು ದಾಟಿದ, ಊರ ಹತ್ತಿರ ವಯಸ್ಸಾದ ತಂದೆತಾಯಿ ಇರುವವರಿಗೆ ನಾನು ಮೊದಲು ತೋರಿಸುವುದು ಈ ದಾರಿಯನ್ನೇ. ವಾಪಸ್ ಹೋಗುವ ಬಾಗಿಲು ಪೂರ್ತಿ ತೆರೆದಿರುವ ಒಂದೇ ಆಯ್ಕೆ ಇದು.

ಸರ್ಕಾರಿ ನೌಕರಿ: ನೆಮ್ಮದಿಯ ಹೆಸರಿನ ದೊಡ್ಡ ಜೂಜು

ನಮ್ಮಲ್ಲಿ "ಲೈಫ್ ಸೆಟ್ಲ್" ಅಂದರೆ ಸರ್ಕಾರಿ ನೌಕರಿ. ಬಿ.ಇ. ಮುಗಿಸಿದವರು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಓದುವುದು ಈಗ ಸುದ್ದಿಯೇ ಅಲ್ಲ. ಗ್ರಾಮ ಆಡಳಿತಾಧಿಕಾರಿಗೆ ಬೇಕಾದ ವಿದ್ಯಾರ್ಹತೆ ಪಿಯುಸಿ. 2024ರಲ್ಲಿ ಅಂಥ 1,000 ಹುದ್ದೆಗಳಿಗೆ ಲಕ್ಷಗಟ್ಟಲೆ ಅರ್ಜಿ ಬಿದ್ದವು.

ಆಕರ್ಷಣೆಗೆ ಕಾರಣ ಇದೆ, ಅದನ್ನು ಗೇಲಿ ಮಾಡಬೇಕಿಲ್ಲ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಎಫ್‌ಡಿಎ ಹುದ್ದೆಯ ಆರಂಭಿಕ ಮೂಲ ವೇತನ 27,650ರಿಂದ 44,425 ಆಯಿತು. ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ. ಹಾವೇರಿಯಲ್ಲೋ ಚಾಮರಾಜನಗರದಲ್ಲೋ ಆ ಸಂಬಳಕ್ಕೆ ಇರುವ ಬೆಲೆ ಬೆಂಗಳೂರಿನ ಖಾಸಗಿ ಸಂಬಳಕ್ಕಿಲ್ಲ. ಪಿಂಚಣಿಯ ಮಾತು ಬೇರೆ: 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದ ಕಡಿತವಾಗಿ ಮಾರುಕಟ್ಟೆಯಲ್ಲಿ ಬೆಳೆಯುವ ಪಿಂಚಣಿ ನಿಧಿ. ಅಪ್ಪನ ಕಾಲದ ಪಿಂಚಣಿ ನೆನೆದು ಓದಲು ಕೂರಬೇಡಿ.

ತೊಂದರೆ ಇರುವುದು ನೌಕರಿಯಲ್ಲಲ್ಲ, ನೌಕರಿಯವರೆಗಿನ ದಾರಿಯಲ್ಲಿ. 545 ಪಿಎಸ್‌ಐ ಹುದ್ದೆಗಳ ಕಥೆ ನೋಡಿ. 2021ರಲ್ಲಿ ಅರ್ಜಿ, ಅದೇ ಅಕ್ಟೋಬರ್‌ನಲ್ಲಿ ಪರೀಕ್ಷೆ, 2022ರ ಏಪ್ರಿಲ್‌ನಲ್ಲಿ ಅಕ್ರಮ ಹೊರಬಿದ್ದು ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದವನೂ ಆ ವರ್ಷಗಳನ್ನು ಕಳೆದುಕೊಂಡ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್ ಕೊನೆಯಲ್ಲಿ ಸಂಪುಟ ನಿರ್ಧರಿಸಿತು. ತೀರ್ಮಾನಕ್ಕೆ 2025ರ ಆಗಸ್ಟ್ ಬಂತು. ಆ ತೀರ್ಮಾನಕ್ಕಾಗಿ ದಶಕಗಳಿಂದ ಕಾದವರಿದ್ದರು, ಅದರ ನ್ಯಾಯ ಬೇರೆ ಮಾತು. ಇಲ್ಲಿ ನಾನು ಹೇಳುತ್ತಿರುವುದು ಕ್ಯಾಲೆಂಡರಿನ ಬಗ್ಗೆ. ನಿಮ್ಮ ಓದು ಎಷ್ಟೇ ಗಟ್ಟಿಯಾಗಿದ್ದರೂ ಕ್ಯಾಲೆಂಡರ್ ನಿಮ್ಮ ಕೈಯಲ್ಲಿಲ್ಲ.

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ಕೋಣೆಯಲ್ಲಿ ಮೂರು ಮಂಚ. ಬೆಳಿಗ್ಗೆ ಆರಕ್ಕೆ ಲೈಬ್ರರಿಯ ಸೀಟು, ಮಧ್ಯಾಹ್ನ ಮೆಸ್ಸು, ರಾತ್ರಿ ಪ್ರಚಲಿತ ವಿದ್ಯಮಾನ. ಊರಿನಿಂದ ಫೋನು ಬಂದರೆ "ನೋಟಿಫಿಕೇಶನ್ ಯಾವಾಗ್ ಬರ್ತದಂತ?" ಎಂಬ ಪ್ರಶ್ನೆ. ಆಯ್ಕೆಯಾಗುವವರೆಗಿನ ಮಂಗಳವಾರ ಇದು. ನೆಮ್ಮದಿಗಾಗಿ ಕೆಲಸ ಬಿಟ್ಟವನು ಇಪ್ಪತ್ತಾರರಿಂದ ಮೂವತ್ತೊಂದರವರೆಗೆ ಹೀಗೆ ಬದುಕಿದರೆ, ಆ ಐದು ವರ್ಷವನ್ನು ನೆಮ್ಮದಿಯ ಯಾವ ಖಾತೆಗೆ ಬರೆಯುವುದು?

ಸಿಕ್ಕ ಮೇಲಿನ ಮಂಗಳವಾರವೂ ಎಲ್ಲರದೂ ಹತ್ತರಿಂದ ಐದೂವರೆ ಅಲ್ಲ. ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರಕ್ಕೆ ಕೂತರು. ಕಾರಣಗಳಲ್ಲಿ ಒಂದು, ಸರಿಯಾದ ಫೋನೂ ಲ್ಯಾಪ್‌ಟಾಪೂ ಕೊಡದೆ ಒಂದರ ಮೇಲೊಂದು ಮೊಬೈಲ್ ಆ್ಯಪ್‌ಗಳ ಕೆಲಸ ಹೇರಿದ್ದು. ಪಿಡಿಒಗಳನ್ನು ಕೇಳಿ ನೋಡಿ, ಪಂಚಾಯಿತಿ ರಾಜಕೀಯದ ಮುಂದೆ ಕಂಪನಿಯ ಮ್ಯಾನೇಜರ್ ದೇವರಂತೆ ಕಾಣುತ್ತಾನೆ. ಅದೇ ತಾಲ್ಲೂಕು ಕಚೇರಿಯ ಎಫ್‌ಡಿಎ, ಗ್ರಂಥಾಲಯ, ಶಿಕ್ಷಣ ಇಲಾಖೆಯ ಕೆಲಸ ಹೆಚ್ಚು ನಿರಾಳ. ಹುದ್ದೆ ಆರಿಸುವಾಗ ವೇತನ ಶ್ರೇಣಿಯ ಜೊತೆ ಆ ಕುರ್ಚಿಯಲ್ಲಿ ಈಗ ಕೂತಿರುವವರ ಮುಖವನ್ನೂ ನೋಡಿ.

ಹಾಗಾದರೆ ಓದಲೇಬಾರದೇ? ಓದಿ, ಆದರೆ ಗಡಿ ಹಾಕಿಕೊಂಡು. ಕೆಲಸದಲ್ಲಿದ್ದುಕೊಂಡೇ ಒಂದು ಪರೀಕ್ಷೆ ಬರೆದು ಎಲ್ಲಿದ್ದೀರೆಂದು ತಿಳಿದುಕೊಳ್ಳಿ. ಕಟ್‌ಆಫ್ ಹತ್ತಿರ ಬಂದರೆ ಮಾತ್ರ ಪೂರ್ಣಾವಧಿ ಓದಿಗೆ ಇಳಿಯಿರಿ, ಅದಕ್ಕೂ ಕೊನೆಯ ತಾರೀಖು ಬರೆದಿಡಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರು 371(ಜೆ) ಪ್ರಮಾಣಪತ್ರ (ಆ ಸಂವಿಧಾನ ವಿಧಿಯಡಿಯ ಸ್ಥಳೀಯ ಮೀಸಲಾತಿಗೆ) ಮಾಡಿಸಿಟ್ಟುಕೊಳ್ಳಿ. ಅದು ಅವಕಾಶವನ್ನು ನಿಜಕ್ಕೂ ಬದಲಿಸುತ್ತದೆ. ಸಿವಿಲ್, ಎಲೆಕ್ಟ್ರಿಕಲ್‌ನವರು ಎಇ, ಜೆಇ (ಸಹಾಯಕ, ಕಿರಿಯ ಎಂಜಿನಿಯರ್) ಹುದ್ದೆಗಳನ್ನು ಮೊದಲು ನೋಡಿ. ಅಲ್ಲಿ ನಿಮ್ಮ ಡಿಗ್ರಿಯೇ ಸ್ಪರ್ಧಿಗಳ ಸಂಖ್ಯೆ ಕಡಿಮೆ ಮಾಡಿರುತ್ತದೆ. ಬ್ಯಾಂಕ್ ಪರೀಕ್ಷೆಗಳ ಗುಣ ಏನೆಂದರೆ ಕ್ಯಾಲೆಂಡರ್ ಸರಿಯಾಗಿ ನಡೆಯುತ್ತದೆ, ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಒಂದೆರಡು ವರ್ಷದಲ್ಲಿ ಹೌದೋ ಅಲ್ಲವೋ ಗೊತ್ತಾಗಿಬಿಡುತ್ತದೆ, ಅದೇ ಅರ್ಧ ನೆಮ್ಮದಿ.

ತೋಟಕ್ಕೆ ಮರಳಿದರೆ

ಮಲೆನಾಡು, ಕರಾವಳಿಯವರ ಕನಸು ಇದು. ಇಲ್ಲಿ ಮೊದಲ ಪ್ರಶ್ನೆ ಒರಟಾದದ್ದು: ಫಸಲು ಕೊಡುತ್ತಿರುವ ತೋಟ ಇದೆಯೇ? ಇದ್ದರೆ ಮುಂದೆ ಓದಿ. ಇಲ್ಲದಿದ್ದರೆ, ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದರೂ, ಸಂಬಳದ ಉಳಿತಾಯದಿಂದ ಜಮೀನು ಕೊಂಡು ಅದರಿಂದಲೇ ಬದುಕುವುದು ಬೇರೆಯೇ ಲೆಕ್ಕ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ. ಅಲ್ಲಿಯವರೆಗೆ ಹಾಕುವುದೇ ಹೊರತು ತೆಗೆಯುವುದಿಲ್ಲ.

ತೋಟ ಇರುವವರ ಮಂಗಳವಾರ ಕಾಲದ ಮೇಲೆ ನಿಂತಿದೆ. ಫೆಬ್ರುವರಿಯ ಮಂಗಳವಾರ ಸೊಗಸು. ಜುಲೈನದು ಕೇಳಬೇಡಿ. ಕೊಳೆ ರೋಗಕ್ಕೆ ಮಳೆಗೆ ಮುಂಚೆ ಒಂದು ಸಲ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆಯ ನಡುವೆ ಬಿಡುವು ಸಿಕ್ಕಾಗ ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇಷ್ಟು ಎಲ್ಲರಿಗೂ ಗೊತ್ತು. ಮರ ಹತ್ತಿ ಹೊಡೆಯುವ ಕೊನೆಗಾರ ಬರುತ್ತಾನೋ ಇಲ್ಲವೋ ಎಂಬುದು ಗೊತ್ತಿಲ್ಲದ್ದು. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ನುಂಗಿದೆ. ಎಲೆಚುಕ್ಕೆ ರೋಗ ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನ ಉದ್ದಕ್ಕೂ ಹರಡಿದೆ. ಧಾರಣೆಯ ಏರಿಳಿತ ಬೇರೆ. ಶಿರಸಿಯ ಟಿಎಸ್‌ಎಸ್ (1923), ಮಂಗಳೂರಿನ ಕ್ಯಾಂಪ್ಕೊ (1973), ಶಿವಮೊಗ್ಗದ ಮ್ಯಾಮ್ಕೋಸ್‌ನಂಥ ಸಹಕಾರಿ ಸಂಸ್ಥೆಗಳಿರುವುದರಿಂದ ಅಡಿಕೆಯವರು ಈರುಳ್ಳಿ, ಟೊಮೆಟೊ ಬೆಳೆಯುವವರಷ್ಟು ಅನಾಥರಲ್ಲ, ಅಷ್ಟೆ. ಬಯಲುಸೀಮೆಯ ಎರಡೆಕರೆ ಒಣಬೇಸಾಯಕ್ಕೆ ಮರಳುವುದನ್ನು ನಾನು ಆಯ್ಕೆಗಳ ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ, ಬೇರೆ ಆದಾಯ ಇಲ್ಲದಿದ್ದರೆ.

ಕುತೂಹಲದ ಸಂಗತಿ ಎಂದರೆ, ಮೆಕ್ಯಾನಿಕಲ್ ಡಿಗ್ರಿ ತೋಟದಲ್ಲಿ ವ್ಯರ್ಥವಾಗುವುದಿಲ್ಲ. ಅಡಿಕೆ ಸುಲಿಯುವ ಯಂತ್ರ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ, ಡ್ರೈಯರ್, ಹನಿ ನೀರಾವರಿಯ ಪಂಪು, ಎಲ್ಲವನ್ನೂ ರಿಪೇರಿ ಮಾಡಬಲ್ಲವನು ಸೀಸನ್‌ನಲ್ಲಿ ಇಡೀ ಊರಿಗೆ ಬೇಕಾದವನು. ಹೀಗೆ ಮರಳಿದವರಲ್ಲಿ ಚೆನ್ನಾಗಿ ನೆಲೆಯೂರಿದವರು ತೋಟವೊಂದನ್ನೇ ನಂಬಿದವರಲ್ಲ, ತೋಟದ ಜೊತೆ ಇಂಥದ್ದೊಂದು ಉಪಕಸುಬು ಇಟ್ಟುಕೊಂಡವರು.

ಎರಡು ಮುಜುಗರದ ಮಾತು ಹೇಳಿಬಿಡುತ್ತೇನೆ. ಒಂದು, ತೋಟ ಅಪ್ಪನದು. ನೀರು ಎಂದು ಬಿಡಬೇಕು ಎಂಬುದರಿಂದ ಹಿಡಿದು ಹಣದ ಕೀಲಿಕೈವರೆಗೆ ಅವರದೇ. ಮೂವತ್ತರ ಎಂಜಿನಿಯರ್ ಪೆಟ್ರೋಲಿಗೆ ಅಪ್ಪನನ್ನು ಕೇಳುವ ಸ್ಥಿತಿ ಬಂದರೆ ಮ್ಯಾನೇಜರೇ ವಾಸಿ ಎನಿಸುತ್ತದೆ. ತಿಂಗಳ ಸಂಬಳವೋ ಫಸಲಿನಲ್ಲಿ ಪಾಲೋ, ಬರುವ ಮುಂಚೆಯೇ ಮಾತಾಡಿಕೊಳ್ಳಿ. ಎರಡು, ಮದುವೆ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ಅವರಲ್ಲಿ ಹೆಚ್ಚಿನವರು ರೈತರು. ನಕ್ಕು ಬಿಡಬಹುದಾದ ಸುದ್ದಿ ಅದಲ್ಲ. ಮದುವೆಯಾಗಿದ್ದರೆ, ಹೆಂಡತಿಯ ಮಂಗಳವಾರ ಅಲ್ಲಿ ಹೇಗಿರುತ್ತದೆ ಎಂದು ಅವರನ್ನೇ ಕೇಳಿ. ನೀವು ಊಹಿಸಿ ಉತ್ತರ ಬರೆದುಕೊಳ್ಳಬೇಡಿ.

ಪಾಠ ಹೇಳುವುದು

ಪಿಯು ಕಾಲೇಜು, ಸಿಇಟಿ-ನೀಟ್ ಕೋಚಿಂಗ್‌ನಲ್ಲಿ ಗಣಿತ, ಭೌತಶಾಸ್ತ್ರ ಹೇಳುವ ಎಂಜಿನಿಯರ್‌ಗಳು ದಕ್ಷಿಣ ಕನ್ನಡದಿಂದ ಕಲಬುರಗಿವರೆಗೆ ಇದ್ದಾರೆ. ಚೆನ್ನಾಗಿ ಹೇಳುವವರಿಗೆ ಒಳ್ಳೆಯ ಸಂಬಳವೇ ಇದೆ. ಬಿ.ಎಡ್. ಮತ್ತು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮಾಡಿಕೊಂಡರೆ ಸರ್ಕಾರಿ ಶಾಲೆಯ ದಾರಿಯೂ ಇದೆ. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೂ ಅವಕಾಶ ಕೊಟ್ಟಿದ್ದರು. ಕಲಿಸುವುದು ಇಷ್ಟವಿದ್ದರೆ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. ಬರೀ ರಜೆ ಹೆಚ್ಚು ಎಂದು ಹೋದವರನ್ನು ಮಕ್ಕಳು ಒಂದೇ ತಿಂಗಳಲ್ಲಿ ಕಂಡುಹಿಡಿಯುತ್ತಾರೆ.

ಊರೇ ನೆಮ್ಮದಿ ಎಂದು ಹೇಳಿದವರು ಯಾರು?

ಇದುವರೆಗಿನ ಮಾತೆಲ್ಲ ಊರಿಗೆ ಹೋದರೆ ಬದುಕು ಹಗುರವಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದು ಎಲ್ಲರ ನಂಬಿಕೆಯಲ್ಲ. ಬೆಂಗಳೂರಿನ ಪಿಜಿಯಲ್ಲಿರುವ ಹುಡುಗಿಗೆ ರಾತ್ರಿ ಒಂಬತ್ತಕ್ಕೆ ಗೆಳತಿಯರೊಡನೆ ದೋಸೆ ತಿಂದು ಬರುವುದು, ತನ್ನ ಸಂಬಳ ತನ್ನ ಖಾತೆಯಲ್ಲಿರುವುದು, ಮದುವೆಯ ಮಾತನ್ನು ಫೋನಿನಲ್ಲೇ ಮುಂದೂಡಬಹುದಾದದ್ದು, ಇವೇ ಜೀವನದ ಗುಣಮಟ್ಟ. ಊರಿಗೆ ಮರಳಿದ ದಿನ ಅವಳ ಡಿಗ್ರಿಯ ಜೊತೆ ಇವೂ ಹೋಗುತ್ತವೆ. ಊರಿನಲ್ಲಿ ಜಾತಿಯ ಹೆಸರಿನಿಂದಲೇ ಗುರುತಿಸಲ್ಪಟ್ಟ ಹುಡುಗನಿಗೆ, ಯಾರಿಗೂ ಯಾರ ಮನೆಯವನೆಂದು ಗೊತ್ತಿಲ್ಲದ ನಗರದ ಬೀದಿಯೇ ಗಾಳಿಯಾಡುವ ಜಾಗ. ಇವರಿಗೆ ಯಾರಾದರೂ "ಹಳ್ಳಿಯ ಶಾಂತಿ"ಯ ಉಪದೇಶ ಮಾಡಿದರೆ ಕೇಳಬೇಕಿಲ್ಲ. ಟ್ರಾಫಿಕ್ಕೇ ಕಾಟವಾದರೆ ಮೈಸೂರು ಇದೆ. ಊರಿಗೆ ಹತ್ತಿರ, ಊರೇ ಅಲ್ಲ.

ಹಾಗೆಯೇ ಶಿಕ್ಷಣ ಸಾಲ ತೀರದವರು. ಕೋರ್ಸ್ ಮುಗಿದು ಒಂದು ವರ್ಷಕ್ಕೆ ಸಾಮಾನ್ಯವಾಗಿ ಕಂತು ಶುರುವಾಗುತ್ತದೆ. ಕಂತು ನಿಂತರೆ ಜೊತೆಗೆ ಸಹಿ ಹಾಕಿದ ಅಪ್ಪನ ಸಿಬಿಲ್ ಸ್ಕೋರೂ ಬೀಳುತ್ತದೆ, ನಾಳೆ ಅವರಿಗೆ ಬೇರೆ ಸಾಲ ಸಿಗುವುದು ಕಷ್ಟ. ಸಾಲ ತೀರುವವರೆಗೆ ಸಂಬಳ ಹೆಚ್ಚಿರುವ ಕಡೆಯೇ ಇರಿ, ಅದಕ್ಕೆ ಬೇರೆ ಸಮಾಧಾನ ಬೇಕಿಲ್ಲ.

"ಅಷ್ಟು ಓದಿಸಿ ಕೊನೆಗೆ ಇದಾ?" ಎಂಬ ಮಾತು ಯಾವ ದಾರಿ ಹಿಡಿದರೂ ಬರುತ್ತದೆ. ಆರು ತಿಂಗಳು ಜೋರಾಗಿ, ಎರಡು ವರ್ಷ ಮೆಲ್ಲಗೆ. ಆಮೇಲೆ ಅವರಿಗೆ ಪಕ್ಕದ ಮನೆಯ ಹುಡುಗ ಸಿಗುತ್ತಾನೆ.

ಹೊರಡುವವರ ಕಾಗದಪತ್ರ

ತೀರ್ಮಾನವಾಗಿದ್ದರೆ ಕೆಲವು ಒಣ ವಿಷಯಗಳಿವೆ, ಇವುಗಳಲ್ಲೇ ಜನ ಹೆಚ್ಚು ನಷ್ಟ ಮಾಡಿಕೊಳ್ಳುವುದು.

ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೆ ಮುಗಿಯುತ್ತದೆ, ಅದರೊಳಗಿದ್ದ ಅಪ್ಪ-ಅಮ್ಮನದೂ. ಸ್ವಂತ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಆದ್ದರಿಂದ ರಾಜೀನಾಮೆಯ ಯೋಚನೆ ಬಂದ ವರ್ಷವೇ ಪಾಲಿಸಿ ತೆಗೆದುಕೊಳ್ಳಿ, ರಾಜೀನಾಮೆ ಕೊಟ್ಟ ವಾರ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಪ್ರೀಮಿಯಂ ವಿಚಾರಿಸುವಾಗ ನೆನಪಿರಲಿ.

ಪಿಎಫ್ ಹಣವನ್ನು ಐದು ವರ್ಷದ ಸೇವೆಗೆ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ. ಪಿಂಚಣಿ ಭಾಗಕ್ಕೆ ಹತ್ತು ವರ್ಷ ಸೇವೆ ಬೇಕು. ಎಂಟೂವರೆ ವರ್ಷ ಆಗಿದ್ದರೆ ಇನ್ನೊಂದೂವರೆ ವರ್ಷ ಎಳೆಯುವುದು ಲಾಭವೋ ಎಂದು ಲೆಕ್ಕ ಹಾಕಿ. ನೋಟಿಸ್ ಪೀರಿಯಡ್ ಮೂರು ತಿಂಗಳಿದ್ದರೆ ಪೂರ್ತಿ ಮಾಡಿ, ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಇಸಿದುಕೊಳ್ಳಿ. ಜಗಳವಾಡಿ ಬಂದವರಿಗೆ ಎರಡು ವರ್ಷದ ಮೇಲೆ ಅದೇ ಎಚ್‌ಆರ್‌ಗೆ ಮೇಲ್ ಬರೆಯುವುದು ಕಷ್ಟ. ವಿಟಿಯುನಲ್ಲಿ ಓದಿದವರು ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರ್ ಅಂಕಪಟ್ಟಿ ಕೈಯಲ್ಲಿದೆಯೇ ನೋಡಿಕೊಳ್ಳಿ. ಸರ್ಕಾರಿ ದಾಖಲಾತಿ ಪರಿಶೀಲನೆಯ ಹಿಂದಿನ ವಾರ ವಿಶ್ವವಿದ್ಯಾಲಯವಿರುವ ಬೆಳಗಾವಿಗೆ ಓಡುವವರು ಪ್ರತಿ ಸಲವೂ ಇರುತ್ತಾರೆ.

ರಾಜೀನಾಮೆಗೆ ಮುಂಚೆ ಸಂಬಳವಿಲ್ಲದ ರಜೆಯನ್ನು ಒಂದು ಸಲ ಕೇಳಿ ನೋಡಿ. ಒಂದು ತಿಂಗಳು ಸಿಕ್ಕರೂ ಸಾಕು, ಜುಲೈ ತಿಂಗಳನ್ನೇ ಕೇಳಿ. ಫೆಬ್ರುವರಿಯಲ್ಲಿ ಹೋದರೆ ತೋಟ ಎಲ್ಲರಿಗೂ ಇಷ್ಟವಾಗುತ್ತದೆ.